ಚಳಿಯಲ್ಲಿ ಹಾರುವವರಿಗೆ: ಕರೆಂಟ್ ಜಾಕೆಟ್ ಕೊಳ್ಳುವ ಮುಂಚೆ, ಹಾಕಿಕೊಳ್ಳುವ ಮುಂಚೆ

ನವೆಂಬರ್ ಕೊನೆಯ ಒಂದು ಬೆಳಗ್ಗೆ. ಮಿನೆಸೋಟಾದ ನಮ್ಮ ಪುಟ್ಟ ಏರ್‌ಫೀಲ್ಡ್‌ನಿಂದ ಹಾರಿ ನಲವತ್ತು ನಿಮಿಷ ಆಗಿತ್ತು. ರೇಡಿಯೊ ಫ್ರೀಕ್ವೆನ್ಸಿ ಬದಲಿಸಬೇಕಿತ್ತು, ಗುಂಡಿಗೆ ಕೈ ಚಾಚಿದೆ. ಬೆರಳು ಗುಂಡಿಯ ಮೇಲಿರುವುದು ಕಣ್ಣಿಗೆ ಕಾಣುತ್ತಿತ್ತು. ಆದರೆ ಮುಟ್ಟಿದ್ದು ಬೆರಳಿಗೆ ಗೊತ್ತಾಗಲಿಲ್ಲ. ತಿರುಗಿಸಿದರೆ ಎರಡು ಅಂಕಿ ದಾಟಿ ಹೋಯಿತು. ವಾಪಸ್ ತಿರುಗಿಸಿದೆ, ಆ ಕಡೆಗೂ ದಾಟಿತು. ಆ ಗುಂಡಿಯ ಜೊತೆ ಒದ್ದಾಡುತ್ತಾ ಪೂರ್ತಿ ಒಂದು ನಿಮಿಷ ನಾನು ಹೊರಗೆ ನೋಡಲೇ ಇಲ್ಲ. ಅವತ್ತಿನಿಂದ ಚಳಿಯನ್ನೂ ಪೆಟ್ರೋಲ್ ಲೆಕ್ಕ ಹಾಕಿದ ಹಾಗೆಯೇ ಲೆಕ್ಕ ಹಾಕಿ ಹೊರಡುತ್ತೇನೆ.

ನಾನು ಹಾರಿಸುವುದು ಎರಡು ಸೀಟಿನ ಟ್ರೈಕ್. ಮೇಲೆ ಬಟ್ಟೆಯ ತ್ರಿಕೋನ ರೆಕ್ಕೆ, ಕೆಳಗೆ ಮೂರು ಗಾಲಿಯ ಮೇಲೆ ಹಿಂದೆ ಮುಂದೆ ಎರಡು ಸೀಟು, ಬೆನ್ನ ಹಿಂದೆ ರೋಟ್ಯಾಕ್ಸ್ 912 ಎಂಜಿನ್. ಬಾಗಿಲಿಲ್ಲ, ಗಾಜಿಲ್ಲ, ಹೀಟರ್ ಇಲ್ಲ. ಆಗಾಗ ಗೆಳೆಯನೊಬ್ಬನ ಹಳೇ ಸೆಸ್ನಾ 172 ಎಂಬ ಮುಚ್ಚಿದ ಸಣ್ಣ ವಿಮಾನ ಕೂಡ ಹಾರಿಸುತ್ತೇನೆ. ಒಳಗೆ ಸಣ್ಣ ತಂತಿ ಹೊಲಿದಿರುವ, ಕರೆಂಟ್ ಕೊಟ್ಟರೆ ಬಿಸಿಯಾಗುವ ಜಾಕೆಟ್, ಗ್ಲೌಸ್ ಎರಡರಲ್ಲೂ ನನ್ನ ಕೈ ಹಿಡಿದಿವೆ. ಅವುಗಳನ್ನು ಕೊಳ್ಳುವುದು, ಜೋಡಿಸುವುದು, ಬಳಸುವುದು ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು, ಮೇಲೆ ಎಷ್ಟು ಚಳಿ ಇದೆ ಅಂತ ತಿಳಿಯಿರಿ

ಸಾವಿರ ಅಡಿ ಮೇಲೆ ಹೋದರೆ ಸುಮಾರು 2 ಡಿಗ್ರಿ ತಣ್ಣಗಾಗುತ್ತದೆ. ಇದು ಮೊದಲನೇ ಲೆಕ್ಕ. ಎರಡನೇ ಲೆಕ್ಕ ಗಾಳಿಯದು. ನೆಲದ ಮೇಲೆ ಮೈನಸ್ 4 ಇದೆ ಅಂದುಕೊಳ್ಳಿ. ಮೂರು ಸಾವಿರ ಅಡಿ ಮೇಲೆ ಅದು ಮೈನಸ್ 10. ತೆರೆದ ಸೀಟಿನಲ್ಲಿ ಗಂಟೆಗೆ 80 ಕಿಲೋಮೀಟರ್ ಗಾಳಿ ಬಡಿದರೆ ಬರಿ ಚರ್ಮಕ್ಕೆ ಅದು ಮೈನಸ್ 24ರಷ್ಟು ಚಳಿ. ಈ ಲೆಕ್ಕ ಮೈನಸ್ 28ರ ಹತ್ತಿರ ಬಂತು ಅಂದರೆ, ಬಿಟ್ಟ ಮೂಗಿಗೆ, ಕೆನ್ನೆಗೆ ಅರ್ಧ ಗಂಟೆಯೊಳಗೆ ಹಿಮಕಡಿತ ಆಗಬಹುದು.

ಇದು ಹಿಮ ಬೀಳುವ ಊರಿನವರ ಪಾಡು ಮಾತ್ರ ಅಂದುಕೊಳ್ಳಬೇಡಿ. ಡಿಸೆಂಬರ್ ಬೆಳಗ್ಗೆ ಬೆಂಗಳೂರಿನಲ್ಲಿ 15 ಡಿಗ್ರಿ ಇದ್ದಾಗ ಜಕ್ಕೂರು ಏರ್‌ಫೀಲ್ಡ್‌ನಿಂದ ಮೈಕ್ರೋಲೈಟ್ ಎಂಬ ತೆರೆದ ಹಗುರ ವಿಮಾನದಲ್ಲಿ ಮೂರು ಸಾವಿರ ಅಡಿ ಏರಿದರೆ ಅಲ್ಲಿ 9 ಡಿಗ್ರಿ. ಗಾಳಿಯೂ ಸೇರಿದರೆ ಚರ್ಮಕ್ಕೆ 3 ಡಿಗ್ರಿಯಷ್ಟು. ಟೀ ಶರ್ಟ್ ಮೇಲೊಂದು ತೆಳು ಜಾಕೆಟ್ ಹಾಕಿ ಹೋದವರ ಹಲ್ಲು ಕಟಕಟ ಅನ್ನುವುದು ಇದಕ್ಕೇ.

ಒಂದು ವಿಷಯ ನೆನಪಿರಲಿ. ಚಳಿಗಾಲದ ಶಾಂತ ಬೆಳಗ್ಗೆಗಳಲ್ಲಿ ನೆಲ ರಾತ್ರಿಯಿಡೀ ತಣ್ಣಗಾಗಿ, ಮೇಲಿನ ಗಾಳಿಯೇ ಬೆಚ್ಚಗಿರುವುದುಂಟು. ಆಗ ಮೊದಲನೇ ಲೆಕ್ಕ ತಲೆಕೆಳಗು. ಹಾಗಾಗಿ ಸುಮ್ನೆ ಕಳೆಯುತ್ತಾ ಕೂರುವ ಬದಲು, ಆ ದಿನದ ಮೇಲಿನ ಗಾಳಿ ಮತ್ತು ತಾಪಮಾನದ ಮುನ್ಸೂಚನೆ ನೋಡಿ.

ಗಾಳಿ ತಡೆಯದೆ ಕರೆಂಟ್ ಕೊಟ್ಟರೆ ದಂಡ

ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ನೌಕಾದಳದ ವಿಮಾನ ಹಾರಿಸುತ್ತಿದ್ದ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ಪೈಲಟ್ ಇದ್ದ. ಒಂದು ದಿನ ಎಂಜಿನ್ ಕೆಲಸ ಮಾಡುತ್ತಿದ್ದವನು, ಎಣ್ಣೆ ಜಿಡ್ಡು ಹಿಡಿದ ಓವರಾಲ್‌ನಲ್ಲೇ ಹಾರಿಬಿಟ್ಟ. ಇಳಿದಾಗ ಜೊತೆಯವರೆಲ್ಲ ನಡುಗುತ್ತಿದ್ದರೆ ಇವನಿಗೆ ಅಷ್ಟು ಚಳಿಯೇ ಆಗಿರಲಿಲ್ಲ. ಎಣ್ಣೆ ಬಟ್ಟೆಯ ಸಣ್ಣ ಸಣ್ಣ ಕಿಂಡಿ ಮುಚ್ಚಿ ಗಾಳಿ ತಡೆದಿತ್ತು. 1917ರಲ್ಲಿ ಅದೇ ಯೋಚನೆಯ ಮೇಲೆ ಒಳಗೆ ತುಪ್ಪಳ, ನಡುವೆ ಗಾಳಿ ಹೋಗದ ರೇಷ್ಮೆ, ಹೊರಗೆ ಗಟ್ಟಿ ಬಟ್ಟೆ ಇಟ್ಟು ಹೊಲಿಸಿದ. ಅದೇ ಮುಂದೆ ಸಿಡ್‌ಕಾಟ್ ಸೂಟ್ ಅಂತ ಹೆಸರಾಯಿತು.

ಇವತ್ತಿಗೂ ಕ್ರಮ ಅದೇ. ಮೈಗೆ ಅಂಟಿಕೊಂಡಂತೆ ತೆಳುವಾದ ಉಣ್ಣೆಯ ಬನಿಯನ್. ಅದರ ಮೇಲೆ ಬಿಸಿಯಾಗುವ ಜಾಕೆಟ್, ಬಿಗಿಯಾಗಿ. ಸಡಿಲ ಇದ್ದರೆ ಬಿಸಿ ಮೈಗೆ ತಾಗುವುದಿಲ್ಲ. ಅದರ ಮೇಲೆ ದಪ್ಪ ಸ್ವೆಟರ್ ಅಥವಾ ಹತ್ತಿಯಂತೆ ಉಬ್ಬಿದ ಜಾಕೆಟ್. ಎಲ್ಲದರ ಹೊರಗೆ ಗಾಳಿ ಒಳಗೆ ಬಿಡದ ಸೂಟ್. ಹತ್ತಿ ಬಟ್ಟೆ ಒಳಗೆ ಬೇಡ, ಬೆವರು ಹೀರಿ ಒದ್ದೆಯಾಗಿಯೇ ಕೂರುತ್ತದೆ. ನೈಲಾನ್, ಪಾಲಿಯೆಸ್ಟರ್ ಬೇಗ ಒಣಗುತ್ತವೆ, ಆದರೆ ಬೆಂಕಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತವೆ. ವಿಮಾನದಲ್ಲಿ ಮೈಗೆ ತಾಗುವ ಪದರ ಉಣ್ಣೆಯೇ ಇರಲಿ ಅಂತ ನಾನು ಪಟ್ಟು ಹಿಡಿಯುವುದು ಅದಕ್ಕೆ.

ಆಮೇಲೆ ಸಂದುಗಳು. ಕತ್ತು, ಮಣಿಕಟ್ಟು, ಜಿಪ್ಪಿನ ಸಾಲು. ಗ್ಲೌಸ್ ಮತ್ತು ತೋಳಿನ ನಡುವೆ ಒಂದು ಬೆರಳಗಲ ಜಾಗ ಬಿಟ್ಟರೂ ಗಾಳಿ ತೋಳಿನುದ್ದಕ್ಕೂ ನುಗ್ಗುತ್ತದೆ. ಕತ್ತಿಗೆ ಮಫ್ಲರ್ ಸುತ್ತಬೇಡಿ. ಟ್ರೈಕ್‌ನಲ್ಲಿ ಪ್ರೊಪೆಲ್ಲರ್ ನಿಮ್ಮ ಬೆನ್ನ ಹಿಂದೆ ತಿರುಗುತ್ತಿರುತ್ತದೆ. ಮಫ್ಲರ್ ತುದಿ ಬಿಚ್ಚಿಕೊಂಡರೆ, ಕೈಯಿಂದ ಒಂದು ಗ್ಲೌಸ್ ಜಾರಿದರೆ, ಅದು ಹೋಗುವುದು ನೇರವಾಗಿ ಅಲ್ಲಿಗೇ. ತಲೆಯಿಂದ ತೂರಿಸಿಕೊಳ್ಳುವ ಕತ್ತುಪಟ್ಟಿ ಹಾಕಿ. ಗ್ಲೌಸ್ ಎರಡಕ್ಕೂ ದಾರ ಕಟ್ಟಿ ತೋಳಿನೊಳಗಿಂದ ತನ್ನಿ, ಸಣ್ಣ ಮಕ್ಕಳ ಸ್ವೆಟರ್‌ಗೆ ಕಟ್ಟುತ್ತಾರಲ್ಲ, ಹಾಗೆ.

ಸೆಸ್ನಾ ಥರದ ಮುಚ್ಚಿದ ವಿಮಾನದಲ್ಲಿ ಬಾಗಿಲ ರಬ್ಬರ್ ಪಟ್ಟಿ ಸವೆದಿದೆಯಾ ನೋಡಿ. ಮೊಣಕಾಲಿಗೆ ಹೊಡೆಯುವ ಚಳಿ ಹೆಚ್ಚಾಗಿ ಬರುವುದು ಅಲ್ಲಿಂದಲೇ.

ವಿಮಾನದ ಹತ್ತಿರ ಎಷ್ಟು ವ್ಯಾಟ್ ಮಿಗುತ್ತದೆ?

ಜನ ಜಾಸ್ತಿ ಎಡವುವುದು ಇಲ್ಲೇ. ಬೈಕ್ ಸವಾರರ ಅಂಗಡಿಯಿಂದ ಜಾಕೆಟ್, ಪ್ಯಾಂಟ್, ಗ್ಲೌಸ್, ಸಾಕ್ಸ್ ಎಲ್ಲ ಒಟ್ಟಿಗೆ ತಂದು ಸಿಕ್ಕಿಸುತ್ತಾರೆ. ಅರ್ಧ ಗಂಟೆಗೆ ಬ್ಯಾಟರಿ ಇಳಿದು ರೇಡಿಯೊ ಸತ್ತಿರುತ್ತದೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಹಾಸಿಗೆ ಎಷ್ಟುದ್ದ ಅಂತ ಮೊದಲು ಅಳೆಯಿರಿ.

ರೋಟ್ಯಾಕ್ಸ್ 912ರ ಒಳಗಿನ ಜನರೇಟರ್ ಎಂಜಿನ್ ಜೋರಾಗಿ ತಿರುಗುವಾಗ ಸುಮಾರು 250 ವ್ಯಾಟ್ ಕೊಡುತ್ತದೆ. ಎರಡು ಸ್ಟ್ರೋಕಿನ ರೋಟ್ಯಾಕ್ಸ್ 582 ಎಂಜಿನ್ ಆದರೆ ಸುಮಾರು 170. ಪೈಪರ್ ಜೆ-3 ಕಬ್ ಎಂಬ ಹಳೇ ಸಣ್ಣ ವಿಮಾನಗಳಲ್ಲಿ ಹೆಚ್ಚಿನವಕ್ಕೆ ಕರೆಂಟಿನ ವ್ಯವಸ್ಥೆಯೇ ಇರುವುದಿಲ್ಲ.

ನನ್ನ ಟ್ರೈಕ್‌ನ ಲೆಕ್ಕ ಹೇಳುತ್ತೇನೆ. ರೇಡಿಯೊ, ರಾಡಾರ್‌ಗೆ ನಮ್ಮ ಗುರುತು ಹೇಳುವ ಟ್ರಾನ್ಸ್‌ಪಾಂಡರ್, ಮಿನುಗುವ ದೀಪ, ಎಂಜಿನ್ ಮೀಟರ್, ಟ್ಯಾಬ್ಲೆಟ್ ಚಾರ್ಜಿಂಗ್ ಎಲ್ಲ ಸೇರಿ 90 ವ್ಯಾಟ್. ಬ್ಯಾಟರಿ ತುಂಬಿಕೊಳ್ಳಲಿ, ಕೈಯಲ್ಲಿ ಸ್ವಲ್ಪ ಇರಲಿ ಅಂತ 50 ತೆಗೆದಿಡುತ್ತೇನೆ. ಉಳಿಯುವುದು 110. ನನ್ನ ಜಾಕೆಟ್ ಪೂರ್ತಿ ಉರಿದರೆ 75, ಗ್ಲೌಸ್ ಜೋಡಿಗೆ 25. ಒಟ್ಟು ನೂರು. ಒಬ್ಬನೇ ಹೋದರೆ ಸರಿಹೋಯಿತು. ಹಿಂದೆ ಇನ್ನೊಬ್ಬರು ಕೂತರೆ ಇಬ್ಬರಿಗೂ ಜಾಕೆಟ್ ಕೊಡಲು ಆಗುವುದಿಲ್ಲ. ಆಗ ತೋಳಿಲ್ಲದ, 45 ವ್ಯಾಟಿನ ವೆಸ್ಟ್ ಎರಡು ಹಾಕಿಕೊಳ್ಳುತ್ತೇವೆ. ಕೈಗೆ ಸಾದಾ ದಪ್ಪ ಗ್ಲೌಸ್.

ನಿಮ್ಮ ವಿಮಾನದ ಪುಸ್ತಕ ತೆಗೆದು ಇದೇ ಕೂಡಿಸು ಕಳೆಯುವುದನ್ನು ಮಾಡಿ. ಒಂದು ವೋಲ್ಟ್‌ಮೀಟರ್ ಕಣ್ಣೆದುರು ಇರಲಿ. ಎಲ್ಲ ಹಾಕಿ ಹಾರುವಾಗ 12 ವೋಲ್ಟಿನ ವಿಮಾನದಲ್ಲಿ ಅದು 13ಕ್ಕಿಂತ ಕೆಳಗೆ ಇಳಿಯುತ್ತಾ ಹೋದರೆ, ನೀವು ಬ್ಯಾಟರಿಯನ್ನು ತಿನ್ನುತ್ತಿದ್ದೀರಿ ಅಂತಲೇ ಅರ್ಥ.

12 ವೋಲ್ಟೋ 24 ವೋಲ್ಟೋ

ಕೊಳ್ಳುವ ಮುಂಚೆ ಇದನ್ನು ಎರಡು ಸಲ ನೋಡಿ. ಬೈಕಿಗೆ ಸಿಕ್ಕಿಸುವ ಬಟ್ಟೆ ಹೆಚ್ಚಾಗಿ 12 ವೋಲ್ಟಿಗೆ ಮಾಡಿದ್ದು. ಸೆಸ್ನಾ 172ಗಳಲ್ಲಿ ಹಳೆಯವು 14 ವೋಲ್ಟಿನವು, ಅಂದರೆ 12 ವೋಲ್ಟ್ ಬ್ಯಾಟರಿಯವು; ಆಮೇಲಿನವು 28 ವೋಲ್ಟಿನವು, ಅಂದರೆ 24 ವೋಲ್ಟ್ ಬ್ಯಾಟರಿಯವು. ವೋಲ್ಟೇಜ್ ಎರಡರಷ್ಟಾದರೆ ಬಿಸಿ ಎರಡರಷ್ಟಲ್ಲ, ನಾಲ್ಕರಷ್ಟು. 75 ವ್ಯಾಟಿನ ಜಾಕೆಟ್ ನಿಮ್ಮ ಎದೆಯ ಮೇಲೆ 300 ವ್ಯಾಟ್ ಉರಿಯುತ್ತದೆ. 28 ವೋಲ್ಟಿನ ವಿಮಾನ ಆದರೆ ವೋಲ್ಟೇಜ್ ಇಳಿಸುವ ಕನ್ವರ್ಟರ್ ಬೇಕೇ ಬೇಕು. ಅದರ ಮೇಲೆ ಬರೆದಿರುವ ಆಂಪಿಯರ್ ನಿಮ್ಮ ಬಟ್ಟೆಗೆ ಬೇಕಾದಷ್ಟಿದೆಯಾ ನೋಡಿಕೊಳ್ಳಿ.

ಕಬ್ ಥರದ ವಿಮಾನದವರಿಗೆ ಬ್ಯಾಟರಿಯೇ ದಾರಿ. ಜೇಬಿನಲ್ಲಿಡುವ 7.4 ವೋಲ್ಟ್, 5 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಇರುವುದು 37 ವ್ಯಾಟ್ ಅವರ್. 15 ವ್ಯಾಟಿನ ವೆಸ್ಟ್‌ಗೆ ಎರಡೂವರೆ ಗಂಟೆಯೂ ಬರುವುದಿಲ್ಲ, ಚಳಿಗೆ ಇನ್ನೂ ಕಡಿಮೆ. ಅದಕ್ಕೇ ಬ್ಯಾಟರಿಯನ್ನು ಹೊರಜೇಬಿನಲ್ಲಿ ಇಡದೆ ಒಳಗೆ, ಮೈ ಶಾಖಕ್ಕೆ ತಾಗುವಂತೆ ಇಟ್ಟುಕೊಳ್ಳಿ. ಅಮೆರಿಕದಿಂದ ಊರಿಗೆ ಇವನ್ನು ತರುವವರು ಬಿಡಿ ಬ್ಯಾಟರಿಯನ್ನು ಕೈಚೀಲದಲ್ಲೇ ತನ್ನಿ, ಚೆಕ್ ಇನ್ ಸೂಟ್‌ಕೇಸಿನಲ್ಲಿ ಬಿಡುವುದಿಲ್ಲ. ಮೊಬೈಲ್ ಪವರ್ ಬ್ಯಾಂಕ್‌ಗೆ ಸಿಕ್ಕಿಸುವ 5 ವೋಲ್ಟಿನ ವೆಸ್ಟ್‌ಗಳು ವಾಕಿಂಗ್‌ಗೆ ಸಾಕು. ತೆರೆದ ಟ್ರೈಕ್‌ಗೆ ಸಾಲುವುದಿಲ್ಲ.

ಯಾವುದನ್ನು ಮೊದಲು ಕೊಳ್ಳಬೇಕು

ಕೈ ಮರಗಟ್ಟುತ್ತದೆ, ಹಾಗಾಗಿ ಎಲ್ಲರೂ ಮೊದಲು ಗ್ಲೌಸ್‌ಗೆ ಹೋಗುತ್ತಾರೆ. ನಾನು ಮೊದಲು ವೆಸ್ಟ್ ತೆಗೆದುಕೊಳ್ಳಿ ಅನ್ನುತ್ತೇನೆ. ಎದೆ, ಹೊಟ್ಟೆ ತಣ್ಣಗಾದರೆ ಮೈ ತನ್ನ ಬಿಸಿ ಉಳಿಸಿಕೊಳ್ಳಲು ಕೈಕಾಲಿಗೆ ಹೋಗುವ ರಕ್ತ ಕಡಿಮೆ ಮಾಡುತ್ತದೆ. ಎದೆ ಬೆಚ್ಚಗಿಟ್ಟರೆ ಬೆರಳಿಗೂ ರಕ್ತ ಬರುತ್ತದೆ. ವೆಸ್ಟ್ ಆದ ಮೇಲೂ ಸಾಲದಿದ್ದರೆ ಗ್ಲೌಸ್, ಆಮೇಲೆ ಶೂ ಒಳಗಿನ ಬಿಸಿ ಅಟ್ಟೆ. ಪ್ಯಾಂಟ್ ಕೊನೆಗೆ.

ಗ್ಲೌಸ್ ಹಾಕಿಕೊಂಡೇ ಅಂಗಡಿಯಲ್ಲಿ ಒಂದು ಪರೀಕ್ಷೆ ಮಾಡಿ. ಜೇಬಿನಿಂದ ಒಂದು ನಾಣ್ಯ ತೆಗೆಯಿರಿ. ಆಗದಿದ್ದರೆ ಆ ಗ್ಲೌಸಿನಲ್ಲಿ ರೇಡಿಯೊ ಗುಂಡಿಯೂ ತಿರುಗುವುದಿಲ್ಲ.

ವೈರಿಂಗ್

ಎರಡನೇ ಮಹಾಯುದ್ಧದಲ್ಲಿ ಬಿ-17 ಬಾಂಬರ್‌ಗಳು 25,000 ಅಡಿ ಎತ್ತರದಲ್ಲಿ ಮೈನಸ್ 40ರ ಚಳಿಯಲ್ಲಿ ಹಾರುತ್ತಿದ್ದವು. ಪಕ್ಕದ ಕಿಟಕಿ ತೆರೆದುಕೊಂಡು ಗನ್ ಹಿಡಿದು ನಿಂತವರಿಗೆ ಎಫ್-1 ಎಂಬ ನೀಲಿ ಬಣ್ಣದ ಕರೆಂಟ್ ಸೂಟ್ ಕೊಟ್ಟಿದ್ದರು. ಅದರ ತಂತಿಗಳು ಒಂದರ ಹಿಂದೆ ಒಂದು ಜೋಡಿಸಿದ್ದವು. ಗಣಪತಿ ಪೆಂಡಾಲಿನ ಹಳೇ ಸೀರಿಯಲ್ ಸೆಟ್ ನೆನಪಿದೆಯಲ್ವಾ? ಒಂದು ಬಲ್ಬ್ ಹೋದರೆ ಇಡೀ ಸಾಲು ಕತ್ತಲೆ. ಇದೂ ಹಾಗೇ. ಒಂದು ಕಡೆ ತಂತಿ ತುಂಡಾದರೆ ಇಡೀ ಸೂಟ್ ತಣ್ಣಗೆ. ಆಮೇಲೆ ಬಂದ ಸೂಟ್‌ಗಳಲ್ಲಿ ಇದನ್ನು ತಿದ್ದಿ ಬೇರೆ ಬೇರೆ ಸಾಲು ಮಾಡಿದರು.

ನಾವು ಜೋಡಿಸುವಾಗಲೂ ಅಷ್ಟೇ. ಜಾಕೆಟ್‌ಗೆ ಒಂದು ಲೈನ್, ಗ್ಲೌಸ್‌ಗೆ ಇನ್ನೊಂದು, ಹಿಂದಿನ ಸೀಟಿಗೆ ಮತ್ತೊಂದು. ಪ್ರತಿಯೊಂದಕ್ಕೂ ಅದರದೇ ಫ್ಯೂಸ್. ಫ್ಯೂಸ್ ಬ್ಯಾಟರಿ ಕಡೆಯ ತುದಿಗೇ ಇರಲಿ. ಬಟ್ಟೆಯ ಹತ್ತಿರ ಇಟ್ಟರೆ ನಡುವಿನ ವೈರ್ ಉಜ್ಜಿ ಶಾರ್ಟ್ ಆದಾಗ ಅದು ಕಾಪಾಡುವುದಿಲ್ಲ. 75 ವ್ಯಾಟಿನ ಜಾಕೆಟ್ 6 ಆಂಪಿಯರ್ ಹತ್ತಿರ ಎಳೆಯುತ್ತದೆ, 10 ಆಂಪಿಯರ್ ಫ್ಯೂಸ್ ಮತ್ತು ಒಂದೂವರೆ ಚದರ ಮಿಲಿಮೀಟರ್ ವೈರ್ ಸಾಕು. ಕೈಗೆ ಸಿಗುವಲ್ಲಿ ಒಂದೇ ಒಂದು ಸ್ವಿಚ್ ಇರಲಿ, ಒತ್ತಿದರೆ ಎಲ್ಲ ಬಟ್ಟೆಯೂ ಆಫ್ ಆಗಬೇಕು. ಸೆಸ್ನಾ ಥರದ ಸರ್ಟಿಫೈಡ್ ವಿಮಾನದಲ್ಲಿ ನೀವೇ ವೈರ್ ಎಳೆಯಬೇಡಿ. ಅದು ಲೈಸೆನ್ಸ್ ಇರುವ ಮೆಕ್ಯಾನಿಕ್ ಕೆಲಸ.

ಪ್ಲಗ್ ಬಗ್ಗೆ ನನಗೆ ತುಂಬ ಕಾಳಜಿ. ಅಪಘಾತ ಆದಾಗ ನೀವು ಬೆಲ್ಟ್ ಬಿಚ್ಚಿ ಎದ್ದು ಓಡಬೇಕು. ಆಗ ವೈರ್ ನಿಮ್ಮನ್ನು ಎಳೆದು ಕೂರಿಸಬಾರದು. ಸುಮ್ನೆ ಎಳೆದರೆ ಬಿಟ್ಟುಕೊಳ್ಳುವ ದುಂಡನೆಯ ಪ್ಲಗ್ ಹಾಕಿ, ತಿರುಪಿ ಬಿಗಿಯುವಂಥದ್ದು ಬೇಡ. ವೈರ್ ಬೆಲ್ಟಿನ ಕೆಳಗೆ, ಸ್ಟಿಕ್ ಸುತ್ತ, ಪೆಡಲ್ ಹತ್ತಿರ ಹಾಯಬಾರದು. ಸೊಂಟದ ಪಕ್ಕದಲ್ಲೇ ಮುಗಿಯುವಷ್ಟು ಗಿಡ್ಡ ಇರಲಿ. ಶೆಡ್ಡಿನಲ್ಲೇ ಕೂತು, ಪೂರ್ತಿ ಬಟ್ಟೆ ಹಾಕಿ, ಕಣ್ಣು ಮುಚ್ಚಿ ಬೆಲ್ಟ್ ಬಿಚ್ಚಿ ಹೊರಗೆ ಬರುವುದನ್ನು ಐದಾರು ಸಲ ಮಾಡಿ ನೋಡಿ.

ಆಮೇಲೆ ಎಂಜಿನ್ ಓಡಿಸಿ, ಬಟ್ಟೆಯ ಸ್ವಿಚ್ ಹಾಕಿ, ದಿಕ್ಸೂಚಿ ನೋಡುತ್ತಾ ಕೂರಿ. ವೈರ್‌ನಲ್ಲಿ ಆರೆಂಟು ಆಂಪಿಯರ್ ಹರಿದರೆ ಹತ್ತಿರದ ದಿಕ್ಸೂಚಿಯ ಮುಳ್ಳು ವಾಲುತ್ತದೆ. ನನ್ನದು ಸ್ವಿಚ್ ಹಾಕಿದಾಗೊಮ್ಮೆ ಹತ್ತು ಡಿಗ್ರಿ ಪಕ್ಕಕ್ಕೆ ಸರಿದು, ತೆಗೆದರೆ ವಾಪಸ್ ಬರುತ್ತಿತ್ತು. ಹೋಗುವ ಬರುವ ಎರಡು ವೈರನ್ನೂ ಜಡೆಯಂತೆ ಒಂದಕ್ಕೊಂದು ಹೊಸೆದೆ, ದಿಕ್ಸೂಚಿಯಿಂದ ದೂರ ಸರಿಸಿದೆ. ಮುಳ್ಳು ನಿಂತಿತು. ಹೆಡ್‌ಸೆಟ್ಟಿನಲ್ಲೂ ಕಿವಿಗೊಟ್ಟು ಕೇಳಿ. ಬಿಸಿ ಏರಿಸಿ ಇಳಿಸುವ ಕಂಟ್ರೋಲರ್‌ಗಳು ಕರೆಂಟನ್ನು ಪಟಪಟ ಹಾಕಿ ತೆಗೆಯುತ್ತಾ ಕೆಲಸ ಮಾಡುತ್ತವೆ. ಕೆಲವು ರೇಡಿಯೊದಲ್ಲಿ ಟಿಕ್ ಟಿಕ್ ಅನ್ನುತ್ತವೆ, ಅಂಥದ್ದನ್ನು ಬದಲಿಸಿ.

ಹಾರುವ ದಿನ

ಶೆಡ್ಡಿನ ಬಾಗಿಲು ತಳ್ಳುವುದು, ಹಿಮ ಗುಡಿಸುವುದು, ವಿಮಾನ ಹೊರಗೆ ಎಳೆಯುವುದು, ಇದೆಲ್ಲ ಹೊರ ಪದರ ತೆಗೆದಿಟ್ಟು ಮಾಡಿ. ಬೆವರಿದರೆ ಮುಗಿಯಿತು, ಮೇಲೆ ಹೋದ ಮೇಲೆ ಆ ಬೆವರೇ ತಣ್ಣೀರಾಗುತ್ತದೆ. ಎಲ್ಲ ಮುಗಿದ ಮೇಲೆ ಸೂಟ್ ಹಾಕಿ, ಮೂತ್ರಕ್ಕೆ ಹೋಗಿ ಬಂದ ಮೇಲೆ. ಬಿಸಿಬಿಸಿಯಾಗಿ ಏನಾದರೂ ಹೊಟ್ಟೆಗೆ ಹಾಕಿ. ಜನವರಿಯಲ್ಲಿ ನನ್ನ ಜೇಬಿನಲ್ಲಿ ಸಂಕ್ರಾಂತಿಯ ಎಳ್ಳುಬೆಲ್ಲ ಇರುತ್ತದೆ. ಎಳ್ಳು, ಕಡಲೆಕಾಯಿ, ಕೊಬ್ಬರಿ, ಬೆಲ್ಲ, ಮೈ ಬಿಸಿಗೆ ಬೇಕಾದ ಸೌದೆ ಎಲ್ಲ ಅದರಲ್ಲೇ ಇದೆ. ಗಟ್ಟಿ ಚಾಕೊಲೇಟಿನ ಹಾಗೆ ಚಳಿಗೆ ಕಲ್ಲಾಗುವುದೂ ಇಲ್ಲ.

ಎಂಜಿನ್ ಸುಮ್ಮನೆ ನಿಧಾನಕ್ಕೆ ಓಡುತ್ತಿರುವಾಗ ಜನರೇಟರ್ ಪೂರ್ತಿ ಕರೆಂಟ್ ಕೊಡುವುದಿಲ್ಲ. ಹಾಗಾಗಿ ಟೇಕಾಫ್ ಆಗಿ ಏರಿದ ಮೇಲೆ ಬಟ್ಟೆಯ ಸ್ವಿಚ್ ಹಾಕಿ. ಆದರೆ ಚಳಿ ಹತ್ತುವವರೆಗೆ ಕಾಯಬೇಡಿ. ಒಮ್ಮೆ ಮೈ ತಣ್ಣಗಾದರೆ ಮತ್ತೆ ಬಿಸಿ ಮಾಡಲು ಬಹಳ ಹೊತ್ತು ಬೇಕು. ಮೊದಲು ಅರ್ಧಕ್ಕೆ ಇಟ್ಟು, ಬೇಕಾದಂತೆ ಏರಿಸಿ. ಇಳಿಯುವಾಗ ಎಂಜಿನ್ ತಗ್ಗಿಸುವ ಮುಂಚೆ ಆಫ್.

ಹೋದ ಅಕ್ಟೋಬರ್‌ನಲ್ಲಿ ಹಾಸನದಿಂದ ಭಾವ ಬಂದಿದ್ದರು. ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಒಂದು ಗಂಟೆ ಸುತ್ತಿಸಿದೆ. ಇಳಿದ ಮೇಲೆ, "ಭಾವ, ಚಳಿ ಆಯ್ತಾ?" ಅಂದೆ. "ಚಳಿ ಇಲ್ಲ ಕಣಯ್ಯ, ಬೆಲ್ಟ್ ಇದ್ದ ಕಡೆ ಬೆನ್ನು ಚುರುಗುಡ್ತಿತ್ತು. ನಿನಗ್ಯಾಕೆ ತೊಂದರೆ ಅಂತ ಸುಮ್ಮನಿದ್ದೆ" ಅಂದರು. ನೋಡಿದರೆ ಬೆಲ್ಟಿನಗಲಕ್ಕೆ ಚರ್ಮ ಕೆಂಪಗಾಗಿತ್ತು. ಬೆಲ್ಟ್ ತಂತಿಯನ್ನು ಮೈಗೆ ಒತ್ತಿ ಹಿಡಿದಿತ್ತು. 44 ಡಿಗ್ರಿ ಅಂದರೆ ಮುಟ್ಟಿದರೆ ಹಿತವೇ ಅನ್ನಿಸುತ್ತದೆ. ಆದರೆ ಒಂದೇ ಜಾಗಕ್ಕೆ ಆರು ಗಂಟೆ ತಾಗಿದರೆ ಅಷ್ಟಕ್ಕೇ ಚರ್ಮ ಸುಡುತ್ತದೆ, ಬಿಸಿ ಹೆಚ್ಚಿದಂತೆ ಸಮಯ ಬೇಗ ಬೇಗ ಕಡಿಮೆಯಾಗುತ್ತದೆ. ಈಗ ಹಿಂದೆ ಕೂರುವವರಿಗೆ ಅವರದೇ ಕಂಟ್ರೋಲರ್ ಕೊಟ್ಟಿದ್ದೇನೆ. ಚುರುಕ್ ಅಂದ ತಕ್ಷಣ ಹೇಳಬೇಕು, ಸಂಕೋಚ ಪಡಬಾರದು ಅಂತ ಹಾರುವ ಮುಂಚೆಯೇ ಮಾತು ತೆಗೆದುಕೊಳ್ಳುತ್ತೇನೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂಕಾದವರು ಬಿಸಿ ಅಟ್ಟೆ ಹಾಕಲೇಬೇಡಿ. ಸುಟ್ಟರೂ ಗೊತ್ತಾಗುವುದಿಲ್ಲ.

ಹೀಟರ್ ಇದೆಯಲ್ಲ ಅನ್ನುವವರಿಗೆ

ಸೆಸ್ನಾ 172ರ ಹೀಟರ್ ಹೊರಗಿನ ಗಾಳಿಯನ್ನು ಬಿಸಿ ಸೈಲೆನ್ಸರ್ ಸುತ್ತ ಹಾಯಿಸಿ ಒಳಗೆ ಬಿಡುತ್ತದೆ. ಸೈಲೆನ್ಸರ್‌ನಲ್ಲಿ ಬಿರುಕು ಬಿಟ್ಟರೆ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಕೂಡ ಒಳಗೆ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. 2019ರ ಜನವರಿ 21ರಂದು ಇಂಗ್ಲಿಷ್ ಕಾಲುವೆಯ ಮೇಲೆ ಒಂದು ಎಂಜಿನ್ನಿನ ಪೈಪರ್ ಮಲಿಬು ಬಿದ್ದು ಫುಟ್‌ಬಾಲ್ ಆಟಗಾರ ಎಮಿಲಿಯಾನೊ ಸಾಲಾ ತೀರಿಕೊಂಡರಲ್ಲ, ಅವರ ರಕ್ತದ ಹಿಮೋಗ್ಲೋಬಿನ್ನಿನ 58 ಶೇಕಡಾ ಭಾಗಕ್ಕೆ ಈ ವಿಷಾನಿಲ ಅಂಟಿಕೊಂಡಿತ್ತು ಅಂತ ಬ್ರಿಟನ್ನಿನ ತನಿಖೆ ಹೇಳಿತು.

ಬ್ಯಾಟರಿಯಲ್ಲಿ ಓಡುವ, ಜೋರಾಗಿ ಕೂಗುವ ಡಿಟೆಕ್ಟರ್ ಒಂದನ್ನು ದಯವಿಟ್ಟು ಇಟ್ಟುಕೊಳ್ಳಿ. ಅದು ಕೂಗಿದರೆ ಹೀಟರ್ ಮುಚ್ಚಬೇಕು, ಕಿಟಕಿ ಮತ್ತು ಗಾಳಿಕಿಂಡಿ ತೆರೆಯಬೇಕು, ಹತ್ತಿರದಲ್ಲಿ ಇಳಿಯಬೇಕು. ಮೈನಸ್ 15ರಲ್ಲಿ ಬರೀ ಶರ್ಟಿನಲ್ಲಿ ಕೂತವರಿಗೆ ಕಿಟಕಿ ತೆರೆಯಲು ಮನಸ್ಸು ಬರುವುದಿಲ್ಲ. ಮೈಮೇಲೆ ವೆಸ್ಟ್ ಇದ್ದರೆ ಒಂದು ಕ್ಷಣವೂ ಯೋಚಿಸದೆ ತೆರೆಯುತ್ತೀರಿ. ಹೀಟರ್ ಇರುವ ವಿಮಾನದಲ್ಲೂ ನಾನು ವೆಸ್ಟ್ ಹಾಕುವುದು ಇದಕ್ಕಾಗಿ.

ಕರೆಂಟ್ ಹೋದರೆ

ಜನರೇಟರ್ ದೀಪ ಹೊತ್ತಿಕೊಂಡರೆ ಮೊದಲು ಆಫ್ ಆಗಬೇಕಾದ್ದು ನಿಮ್ಮ ಬಟ್ಟೆ. ಉಳಿದ ಬ್ಯಾಟರಿ ರೇಡಿಯೊಗೆ ಸೇರಿದ್ದು. ಆ ಕ್ಷಣದಿಂದ ನಿಮ್ಮ ಮೈಮೇಲಿನ ಉಳಿದ ಪದರಗಳಷ್ಟೇ ನಿಮ್ಮ ಆಸರೆ. ಆದ್ದರಿಂದ ಬಿಸಿಯಾಗುತ್ತದೆ ಎಂಬ ಧೈರ್ಯದಲ್ಲಿ ದಪ್ಪ ಸ್ವೆಟರ್ ಬಿಟ್ಟು ಹೋಗಬೇಡಿ. ಕರೆಂಟ್ ಇಲ್ಲದೆಯೂ ಅರ್ಧ ಗಂಟೆ ಕೈ ಆಡುವಷ್ಟು ಬಟ್ಟೆ ಹಾಕಿ, ಅರ್ಧ ಗಂಟೆಯೊಳಗೆ ಒಂದಲ್ಲ ಒಂದು ಏರ್‌ಫೀಲ್ಡ್ ಸಿಗುವ ದಾರಿಯಲ್ಲೇ ಹಾರಿ. ಕವರ್ ಹರಿದರೆ ತಾನೇ ಬಿಸಿಯಾಗುವ ಕಬ್ಬಿಣದ ಪುಡಿಯ ಸಣ್ಣ ಚೀಲಗಳು ಸಿಗುತ್ತವೆ, ಎರಡು ಜೇಬಿನಲ್ಲಿರಲಿ.

ನಿಮ್ಮ ಮೇಲೆ ನಿಮಗೇ ಕಣ್ಣಿರಲಿ. ಹೆಬ್ಬೆರಳಿಗೆ ಕಿರುಬೆರಳು ಮುಟ್ಟಿಸಲು ಕಷ್ಟ ಆದರೆ, ರೇಡಿಯೊದಲ್ಲಿ ಹೇಳಿದ್ದನ್ನು ಎರಡು ಸಲ ಕೇಳಬೇಕಾಗಿ ಬಂದರೆ, ಇನ್ನೇನು ಹತ್ತು ನಿಮಿಷ ಅಂತ ತಳ್ಳಬೇಡಿ, ಇಳಿಯಿರಿ. ಗಡಗಡ ನಡುಗುತ್ತಿದ್ದವರಿಗೆ ಮೈ ಬಿಸಿಯಾಗದೆಯೇ ನಡುಕ ನಿಂತರೆ ಅದು ಇನ್ನೂ ಕೆಟ್ಟ ಲಕ್ಷಣ.

ಮನೆಗೆ ಬಂದ ಮೇಲೆ ಜಾಕೆಟ್ಟನ್ನು ಮಡಚಿ ಪೆಟ್ಟಿಗೆಗೆ ತುರುಕಬೇಡಿ, ಮಡಿಕೆಯಲ್ಲೇ ತಂತಿ ತುಂಡಾಗುತ್ತದೆ. ಗೂಟಕ್ಕೆ ನೇತುಹಾಕಿ. ಲಿಥಿಯಂ ಬ್ಯಾಟರಿಯನ್ನು ತಣ್ಣನೆಯ ಶೆಡ್ಡಿನಲ್ಲಿ ಚಾರ್ಜಿಗೆ ಹಾಕಬೇಡಿ, ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಅದು ಒಳಗೇ ಹಾಳಾಗುತ್ತದೆ. ಮನೆಗೆ ತಂದು, ಒಂದೆರಡು ಗಂಟೆ ಬಿಟ್ಟು, ಕೋಣೆಯ ಬಿಸಿಗೆ ಬಂದ ಮೇಲೆ ಹಾಕಿ. ಮುಂದಿನ ಸಲ ಹಾರುವ ಹಿಂದಿನ ರಾತ್ರಿ ಎಲ್ಲವನ್ನೂ ಸಿಕ್ಕಿಸಿ ಐದು ನಿಮಿಷ ಉರಿಸಿ, ಒಳಗೆ ಕೈಯಾಡಿಸಿ, ಎಲ್ಲೂ ತಣ್ಣನೆಯ ಜಾಗ ಇಲ್ಲ ಅಂತ ನೋಡಿಕೊಳ್ಳಿ.